ಬೆನ್ನ ಹಿಂದಿನ ಕೊಡ: ಅನಿಲ ಟ್ಯಾಂಕರ್ ಓಡಿಸಲು ಬಂದವರಿಗೆ

ಹೊಸದಾಗಿ ಅನಿಲ ಟ್ಯಾಂಕರ್ ಓಡಿಸಲು ಬಂದವರಿಗೆ ನಾನು ಮೊದಲ ದಿನ ಸ್ಟಿಯರಿಂಗ್ ಕೊಡುವುದಿಲ್ಲ, ಸ್ಟೀಲಿನ ಕೊಡ ಕೊಡುತ್ತೇನೆ. ಯಾರ್ಡಿನ ನಲ್ಲಿಯಲ್ಲಿ ಕುತ್ತಿಗೆಯವರೆಗೆ ನೀರು ತುಂಬಿಸಿ, ಸೊಂಟದ ಮೇಲಿಟ್ಟುಕೊಂಡು ಗೇಟಿನವರೆಗೆ ಹೋಗಿ ಗಿರಕ್ಕನೆ ತಿರುಗಿ ಬಾ ಎನ್ನುತ್ತೇನೆ. ಇಪ್ಪತ್ತು ವರ್ಷ ಲಾರಿ ಓಡಿಸಿದವನಿಗೆ ಇದು ಅವಮಾನ. ಮುಖ ಗಂಟಿಕ್ಕಿಕೊಂಡೇ ಹೋಗಿ ಬರುತ್ತಾನೆ. ಅಂಗಿ ಅಷ್ಟೇನೂ ಒದ್ದೆಯಾಗಿರುವುದಿಲ್ಲ. ಆಮೇಲೆ ಅರ್ಧ ನೀರು ಚೆಲ್ಲಿಸಿ ಮತ್ತೆ ಕಳಿಸುತ್ತೇನೆ. ಈ ಸಲ ಗೇಟಿನ ಬಳಿ ತಿರುಗುವಾಗ ಅವನ ಸೊಂಟ ಒಂದು ಕಡೆ, ಕೊಡ ಇನ್ನೊಂದು ಕಡೆ. ಭಾರ ಅರ್ಧಕ್ಕಿಳಿದಿದೆ, ಪಾಡು ಇಮ್ಮಡಿಯಾಗಿದೆ. ಅವನು ತಿರುಗಿ ನಿಂತ ಮೇಲೂ ಒಳಗಿನ ನೀರು ಇನ್ನೊಮ್ಮೆ ಹೊಯ್ದಾಡಿ ಅವನನ್ನು ಒಂದು ಹೆಜ್ಜೆ ಪಕ್ಕಕ್ಕೆ ಎಳೆಯುತ್ತದೆ.

ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ಶಾಲೆಯಲ್ಲಿ ನಾವೆಲ್ಲರೂ ವಿಸ್ತರಿಸಿ ಬರೆದವರೇ. ಮೇಷ್ಟ್ರು ಅದು ಪಂಡಿತರ ಬಗ್ಗೆ ಎಂದಿದ್ದರು. ನನ್ನ ಮಟ್ಟಿಗೆ ಅದು ಟ್ಯಾಂಕರಿನ ಬಗ್ಗೆ. ಕಲ್ಲು, ಸಿಮೆಂಟು, ಅಡಿಕೆ ಮೂಟೆ ಹೊತ್ತ ಲಾರಿಯಲ್ಲಿ ನೀವು ತಿರುಗಿದರೆ ಸರಕೂ ತಿರುಗುತ್ತದೆ. ದ್ರವ ಹೊತ್ತ ಗಾಡಿಯಲ್ಲಿ ಮೊದಲು ನೀವು ತಿರುಗುತ್ತೀರಿ, ಸರಕು ತುಸು ತಡವಾಗಿ, ತನ್ನದೇ ಲೆಕ್ಕದಲ್ಲಿ ತಿರುಗುತ್ತದೆ. ಟ್ಯಾಂಕರ್ ಮಗುಚುವುದು ಆ ತಡದಲ್ಲಿ.

ನಾನು ಚನ್ನರಾಯಪಟ್ಟಣದ ಕಡೆಯವನು. ಕ್ಲೀನರ್ ಆಗಿ ಸೇರಿ, ಮೊದಲು ಹೊಸಕೋಟೆಯ ಹತ್ತಿರದ ದೇವನಗುಂದಿಯಿಂದ ಕೋಲಾರದ ಕಡೆಯ ಬಂಕುಗಳಿಗೆ ಪೆಟ್ರೋಲು, ಡೀಸೆಲ್ಲು ಹೊತ್ತೆ. ಆಮೇಲೆ ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿಸಿ ಹಾಸನ, ಮೈಸೂರು, ಬೆಂಗಳೂರಿನ ಕಡೆಗೆ ಅಡುಗೆ ಅನಿಲ. ಒಟ್ಟು 24 ವರ್ಷ. ಮಂಡಿ ಕೈಕೊಟ್ಟ ಮೇಲೆ ಬೈಕಂಪಾಡಿಯ ಹತ್ತಿರದ ಯಾರ್ಡೊಂದರಲ್ಲಿ ಹುಡುಗರಿಗೆ ಕಲಿಸುತ್ತಿದ್ದೇನೆ. ಈಗ ಮಂಗಳೂರಿನಿಂದ ಹಾಸನ, ಮೈಸೂರು, ಸೋಲೂರಿಗೆ ಅನಿಲ ಕೊಳವೆಯಲ್ಲೇ ಹರಿಯುತ್ತದೆ. ಹಾಗೆಂದು ರಸ್ತೆಯ ಮೇಲಿನ ಟ್ಯಾಂಕರುಗಳೇನೂ ಮಾಯವಾಗಿಲ್ಲ. ಕೊಳವೆ ಮುಟ್ಟದ ಊರುಗಳಿಗೆ ನಾವೇ ಗತಿ.

ಗಾದೆ ಎಲ್ಲಿಯವರೆಗೆ ನಿಜ

ಗಾದೆಯನ್ನು ನಂಬಿ ಟ್ಯಾಂಕರನ್ನು ಕಂಠಪೂರ್ತಿ ತುಂಬಿಸುವಂತಿಲ್ಲ. ಒತ್ತಡದಲ್ಲಿ ದ್ರವವಾಗಿಸಿದ ಅಡುಗೆ ಅನಿಲ, ಅಂದರೆ ಎಲ್‌ಪಿಜಿ, ಬಿಸಿಗೆ ಹಿಗ್ಗುವ ಪ್ರಮಾಣ ನೀರಿಗಿಂತ ಹಲವು ಪಟ್ಟು ಹೆಚ್ಚು. ಬೆಳಗಿನ ಜಾವ ಮಂಗಳೂರಿನಲ್ಲಿ ತುಂಬಿದ ದ್ರವ ಮಧ್ಯಾಹ್ನ ಹಾಸನದ ಬಿಸಿಲಿನಲ್ಲಿ ಅಷ್ಟೇ ಜಾಗದಲ್ಲಿ ಇರುವುದಿಲ್ಲ. ಹಿಗ್ಗಲು ಜಾಗವಿಲ್ಲದಿದ್ದರೆ ಉಕ್ಕೇ ಬಿರಿಯುತ್ತದೆ. ಆದ್ದರಿಂದ ಟ್ಯಾಂಕಿನಲ್ಲಿ ದ್ರವ 85 ಶೇಕಡಾ ದಾಟಬಾರದು; ಮೇಲೆ ಉಳಿದ ಜಾಗ ಆವಿಯದು. ತುಂಬಿದ ಮೇಲೆ ಗೇಜನ್ನು ನೀವೇ ನೋಡಿ, ತೂಕದ ಚೀಟಿಯನ್ನು ನೀವೇ ಓದಿ, ಗಾಡಿಯ ಮೇಲೆ ಬರೆದಿರುವ ಮಿತಿಯೊಂದಿಗೆ ಹೋಲಿಸಿ. ಎರಡು ಕ್ವಿಂಟಲ್ ಹೆಚ್ಚಿದೆ, ಹೋಗಲಿ ಬಿಡು ಎನ್ನುವವರು ಸಿಗುತ್ತಾರೆ. ಹೆಚ್ಚಾದದ್ದನ್ನು ವಾಪಸು ತೆಗೆಸಿಯೇ ಗೇಟು ದಾಟಿ. 1978ರ ಜುಲೈ 11ರಂದು ಸ್ಪೇನಿನ ಲಾಸ್ ಅಲ್ಫಾಕೆಸ್ ಎಂಬಲ್ಲಿ, ಬೇಸಿಗೆ ಕಳೆಯಲು ಬಂದವರ ಡೇರೆಗಳ ಪಕ್ಕದಲ್ಲಿ ಪ್ರೊಪಿಲೀನ್ ಟ್ಯಾಂಕರ್ ಸಿಡಿದು 200ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಮಿತಿಗಿಂತ ಕೆಲವು ಟನ್ ಹೆಚ್ಚು ತುಂಬಿತ್ತು.

85 ಶೇಕಡಾ ತುಂಬಿದ ಅನಿಲ ಟ್ಯಾಂಕರ್ ತುಳುಕುವುದು ಕಡಿಮೆ, ಆದರೆ ತುಳುಕುತ್ತದೆ. ಒಳಗೆ ಅಲೆ ತಡೆಯುವ ಅಡ್ಡತಗಡುಗಳಿರುತ್ತವೆ. ಅವು ಬ್ರೇಕ್ ಹಾಕಿದಾಗ ಮುಂದೆ ನುಗ್ಗುವ ಅಲೆಯನ್ನು ಮುರಿಯುತ್ತವೆ. ತಿರುವಿನಲ್ಲಿ ಎಡಬಲಕ್ಕೆ ಏರುವ ಅಲೆಗೆ ಅವುಗಳಿಂದ ಹೆಚ್ಚು ಪ್ರಯೋಜನವಿಲ್ಲ. ಪೆಟ್ರೋಲ್ ಟ್ಯಾಂಕರಿನವರ ಕಥೆ ಬೇರೆ: ನಾಲ್ಕು ಖಾನೆಗಳಲ್ಲಿ ಎರಡನ್ನು ಮೊದಲ ಬಂಕಿನಲ್ಲಿ ಇಳಿಸುತ್ತಾರೆ. ಯಾವ ಎರಡು ಎಂಬುದನ್ನು ಹೊರಡುವ ಮೊದಲೇ ತೀರ್ಮಾನಿಸಿಕೊಳ್ಳಿ. ಮುಂದಿನವೆರಡನ್ನೂ ಖಾಲಿ ಮಾಡಿದರೆ ಭಾರವೆಲ್ಲ ಹಿಂದೆ ಕುಳಿತು ಸ್ಟಿಯರಿಂಗ್ ಹಗುರಾಗುತ್ತದೆ. ನಾನು ಇದನ್ನು ಕಲಿತದ್ದು ಮುಳಬಾಗಿಲಿನ ಹತ್ತಿರ ಒಂದು ಮಳೆಯ ದಿನ, ಚಕ್ರ ತಿರುಗಿಸಿದರೂ ಗಾಡಿ ನೇರಕ್ಕೇ ಹೋಗುತ್ತಿದ್ದಾಗ.

ಕಾಗದವೂ ಹಲಗೆಯೂ

ಇದನ್ನು ಬೇಗ ಮುಗಿಸುತ್ತೇನೆ. ತರಬೇತಿಯಲ್ಲಿ ಎಲ್ಲರೂ ನಿದ್ದೆ ಮಾಡುವ ಭಾಗ ಇದು. ಅಪಾಯಕಾರಿ ಸರಕು ಸಾಗಿಸಲು ಭಾರಿ ವಾಹನದ ಲೈಸೆನ್ಸ್ ಒಂದೇ ಸಾಲದು. ಮೂರು ದಿನದ ತರಬೇತಿ ಮುಗಿಸಿ ಲೈಸೆನ್ಸಿನಲ್ಲಿ ಅದನ್ನು ನಮೂದಿಸಿಕೊಳ್ಳಬೇಕು. ಮೊದಲು ಇದು ವರ್ಷಕ್ಕೊಮ್ಮೆ ನವೀಕರಣವಾಗಬೇಕಿತ್ತು; 2019ರ ತಿದ್ದುಪಡಿಯಲ್ಲಿ ಮೂರು ವರ್ಷವಾಯಿತು. ನವೀಕರಿಸುವಾಗ ಒಂದು ದಿನದ ಮರುತರಬೇತಿ ಕಡ್ಡಾಯ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 129ರಿಂದ 137ರವರೆಗಿನವು ನಮ್ಮವು. ಸರಕು ಕಳಿಸುವವನು ಅದು ಏನು, ಅದರಿಂದ ಏನಾಗಬಹುದು, ಏನಾದರೆ ಏನು ಮಾಡಬೇಕು ಎಂಬುದನ್ನು ಬರಹದಲ್ಲಿ ಕೊಡಬೇಕು. ಮಾಲೀಕ ಅದು ಚಾಲಕನಿಗೆ ಅರ್ಥವಾಗಿದೆಯೇ ಎಂದು ನೋಡಬೇಕು. ಚಾಲಕ ಅದನ್ನು ಕ್ಯಾಬಿನ್ನಿನಲ್ಲಿ ಇಟ್ಟುಕೊಳ್ಳಬೇಕು. ನಾವು ಅದನ್ನು ಟ್ರೆಮ್ ಕಾರ್ಡ್ ಎನ್ನುತ್ತೇವೆ. ಹೆಚ್ಚಿನವರು ಅದನ್ನು ಸೀಟಿನ ಕೆಳಗೆ, ಜಾಕಿನ ಜೊತೆ ಇಟ್ಟಿರುತ್ತಾರೆ. ಗಾಡಿ ಮಗುಚಿದ ಮೇಲೆ ಸೀಟಿನ ಕೆಳಗೆ ಯಾರು ಹುಡುಕುತ್ತಾರೆ? ಬಾಗಿಲಿನ ಒಳಮೈಯಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಇಡಿ.

ಗಾಡಿಯ ಎರಡು ಪಕ್ಕ ಮತ್ತು ಹಿಂಭಾಗದಲ್ಲಿರುವ ಹಲಗೆಯನ್ನು ಮಾತ್ರ ನಿಧಾನವಾಗಿ ಓದಲು ಕಲಿಯಿರಿ. ಅದರ ಮೇಲಿನ ಯುಎನ್ ಸಂಖ್ಯೆ ಸರಕು ಯಾವುದೆಂದು ಹೇಳುತ್ತದೆ: ಯುಎನ್ 1075 ಎಂದರೆ ಎಲ್‌ಪಿಜಿ, 1203 ಎಂದರೆ ಪೆಟ್ರೋಲ್, 1830 ಎಂದರೆ ಗಂಧಕಾಮ್ಲ. ಮೇಲೆ ಇನ್ನೊಂದು ಚಿಕ್ಕ ಸಂಕೇತ ಇರುತ್ತದೆ. ಪೆಟ್ರೋಲಿನ ಗಾಡಿಯ ಮೇಲೆ 3 ವೈ ಇ ಎಂದಿದ್ದರೆ, 3 ಎಂದರೆ ಬೆಂಕಿಗೆ ನೊರೆ ಬಳಸಿ. ಕೊನೆಯ ಇ ಎಂದರೆ ಜನರನ್ನು ತೆರವುಗೊಳಿಸುವುದನ್ನು ಯೋಚಿಸಿ. ಮೂರು ಅಕ್ಷರದಲ್ಲಿ ಅಗ್ನಿಶಾಮಕ ದಳಕ್ಕೆ ನೀವು ಬರೆದಿಟ್ಟ ಪತ್ರ ಅದು. ನೀವು ಪ್ರಜ್ಞೆ ತಪ್ಪಿ ಬಿದ್ದಿದ್ದರೂ ಅದು ಮಾತಾಡುತ್ತದೆ, ಕೆಸರು ಮೆತ್ತಿಕೊಂಡಿರದಿದ್ದರೆ. ಮಳೆಗಾಲದಲ್ಲಿ ಪ್ರತಿ ನಿಲುಗಡೆಯಲ್ಲೂ ಒದ್ದೆ ಬಟ್ಟೆಯಿಂದ ಆ ಹಲಗೆ ಒರೆಸುವುದು ಕ್ಲೀನರನ ಕೆಲಸ. ಹೆಸರಿಗೆ ತಕ್ಕ ಕೆಲಸ ಅದೊಂದೇ ಎಂದು ನನ್ನ ಕ್ಲೀನರ್ ಗೊಣಗುತ್ತಿದ್ದ.

ಹೊರಡುವ ಮುನ್ನ

ಗಾಡಿಯನ್ನು ಒಂದು ಸುತ್ತು ಬನ್ನಿ, ದೇವಸ್ಥಾನದ ಪ್ರದಕ್ಷಿಣೆಯಂತೆ ಪ್ರತಿದಿನ ಒಂದೇ ದಿಕ್ಕಿನಲ್ಲಿ. ದಿಕ್ಕು ಬದಲಿಸಿದರೆ ಒಂದಲ್ಲ ಒಂದು ಬಿಟ್ಟುಹೋಗುತ್ತದೆ. ಟೈರುಗಳನ್ನು ಕೈಯಿಂದ ಮುಟ್ಟಿ. ಜೋಡಿ ಟೈರುಗಳ ನಡುವೆ ಕಲ್ಲು ಸಿಕ್ಕಿದೆಯೇ ನೋಡಿ. ಸೈಲೆನ್ಸರಿನ ತುದಿಯಲ್ಲಿ ಕಿಡಿ ತಡೆಯುವ ಜಾಲರಿ ಇರಬೇಕು. ಬ್ಯಾಟರಿಯ ಮುಖ್ಯ ಸ್ವಿಚ್ ಒಂದೇ ತಿರುವಿಗೆ ಇಡೀ ಗಾಡಿಯ ವಿದ್ಯುತ್ತನ್ನು ಕಡಿಯಬೇಕು. ಬಣ್ಣದ ದೀಪ, ಹೆಚ್ಚುವರಿ ಹಾರನ್ನು, ಹಾಡಿನ ಪೆಟ್ಟಿಗೆಗೆಂದು ಯಾರೋ ಎಳೆದಿರುವ ತಂತಿ ಈ ಸ್ವಿಚ್ಚನ್ನು ತಪ್ಪಿಸಿ ನೇರ ಬ್ಯಾಟರಿಗೆ ಹೋಗಿದ್ದರೆ ಕಿತ್ತು ಹಾಕಿಸಿ. ಒಂದು ಗಾಡಿಯಲ್ಲಿ ನಾನು ಅಂಥ ಮೂರು ತಂತಿ ಕಂಡಿದ್ದೇನೆ. ಒಂದು ಗಣಪತಿಯ ತಲೆಯ ಹಿಂದಿನ ಪ್ರಭಾವಳಿಗೆ.

ಅನಿಲ ತುಂಬುವ, ಇಳಿಸುವ ಹೊರಬಾಯಿಗಳ ಮುಚ್ಚಳಗಳು ಬಿಗಿಯಾಗಿವೆಯೇ ಎಂಬುದನ್ನು ಸಾಬೂನು ನೀರು ಹಚ್ಚಿ ನೋಡಿ. ಗುಳ್ಳೆ ಬಂದರೆ ಡಿಪೊದಲ್ಲೇ ಸರಿಪಡಿಸಿಕೊಳ್ಳಿ. ಕ್ಯಾಬಿನ್ನಿನಲ್ಲಿ ಸೀಮೆಎಣ್ಣೆ ಒಲೆ, ಬೆಂಕಿಪೊಟ್ಟಣ, ಊದುಬತ್ತಿ ಬೇಡ. ದಾರಿಯಲ್ಲಿ ಯಾರನ್ನೂ ಹತ್ತಿಸಿಕೊಳ್ಳಬೇಡಿ. ಮಳೆಯಲ್ಲಿ ನಿಂತ ಮುದುಕನೇ ಆಗಿರಲಿ, ಅವನ ಜೇಬಿನ ಬೀಡಿ ನಿಮಗೆ ಕಾಣುವುದಿಲ್ಲ.

ಇನ್ನು ನಿಮ್ಮ ಮೈಯ ತಪಾಸಣೆ. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಬರುವವರೆಗೆ ಇದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು ಗಂಟೆ ಎನ್ನುತ್ತಿತ್ತು; ಐದು ಗಂಟೆ ಓಡಿಸಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ. ಇದನ್ನು ಕೇಳಿ ಹುಡುಗರು ನಗುತ್ತಾರೆ. ನಗಲಿ. ಟ್ರಿಪ್ಪಿನ ಭತ್ಯೆಯ ಮೇಲೆ ಸಂಸಾರ ಸಾಗಿಸುವವನಿಗೆ ಕಾಯಿದೆ ತೋರಿಸುವುದು ಹಸಿದವನಿಗೆ ಊಟದ ಪಟ್ಟಿ ತೋರಿಸಿದಂತೆ ಎಂದು ನನಗೂ ಗೊತ್ತು. ಆದರೂ ಬೆಳಗಿನ ಜಾವ ಮೂರರಿಂದ ಐದರವರೆಗೆ ಓಡಿಸಬೇಡಿ. ಕಣ್ಣು ತೆರೆದಿರುತ್ತದೆ, ನೀವು ಇರುವುದಿಲ್ಲ.

ತಿರುವು, ಏರು, ಇಳಿಜಾರು

ಮಾಣಿಯಿಂದ ಉಪ್ಪಿನಂಗಡಿಗೆ ಹೋಗುವ ದಾರಿಯಲ್ಲಿ ಪೆರ್ನೆ ಸಿಗುತ್ತದೆ. 2013ರ ಏಪ್ರಿಲ್ 9ರಂದು ಅಲ್ಲಿ ಅನಿಲ ಟ್ಯಾಂಕರ್ ಮಗುಚಿತು. ರಸ್ತೆಯ ಪಕ್ಕದ ಮನೆಗಳಿಗೆ ಬೆಂಕಿ ಹರಿಯಿತು, ಮನೆಯೊಳಗೆ ಇದ್ದವರೂ ಸತ್ತರು. ಅದಕ್ಕೂ ಸುಮಾರು ಏಳೂವರೆ ತಿಂಗಳ ಹಿಂದೆ, 2012ರ ಆಗಸ್ಟ್ 27ರ ರಾತ್ರಿ, ಕಣ್ಣೂರಿನ ಚಾಲದಲ್ಲಿ ಟ್ಯಾಂಕರ್ ರಸ್ತೆ ವಿಭಜಕಕ್ಕೆ ತಾಗಿ ಮಗುಚಿ 20 ಜನ ತೀರಿಕೊಂಡಿದ್ದರು. ಪೆರ್ನೆಯಲ್ಲಿ ಇವತ್ತಿಗೂ ನಮ್ಮ ಗಾಡಿಯವರು ಮಾತು ನಿಲ್ಲಿಸುತ್ತಾರೆ. ನಾನು ಅಲ್ಲಿಗೆ ಬಂದಾಗ ಹೊಸಬನಿಗೆ ಬಲಗಡೆಯ ಎಡಗಡೆಯ ಮನೆಗಳನ್ನು ಎಣಿಸಲು ಹೇಳುತ್ತೇನೆ. ಹೆಚ್ಚಿನ ಮನೆಗಳು ರಸ್ತೆಗಿಂತ ಕೆಳಗಿವೆ. ಕರಾವಳಿಯುದ್ದಕ್ಕೂ ಹೀಗೆಯೇ: ರಸ್ತೆ ಮೇಲೆ, ಅಂಗಳ ಕೆಳಗೆ, ಬಾವಿ ಇನ್ನೂ ಕೆಳಗೆ. ನಾವು ಹೊತ್ತದ್ದು ಗಾಳಿಗಿಂತ ಭಾರವಾದದ್ದು. ಸೋರಿದರೆ ಅದು ನೀರಿನಂತೆ ಇಳಿಜಾರು ಹುಡುಕಿಕೊಂಡು ಹೋಗುತ್ತದೆ.

ತಿರುವಿನ ಲೆಕ್ಕ ಒಂದೇ: ವೇಗ ಎರಡರಷ್ಟಾದರೆ ಹೊರಗೆ ಎಳೆಯುವ ಬಲ ನಾಲ್ಕರಷ್ಟು. 20ರಲ್ಲಿ ಸಲೀಸಾಗಿ ದಾಟುವ ತಿರುವನ್ನು 40ರಲ್ಲಿ ದಾಟುವಾಗ ನೀವು ಎರಡರಷ್ಟು ಧೈರ್ಯವಂತರಾದರೆ ಸಾಲದು. ಜೊತೆಗೆ ಟ್ಯಾಂಕಿನ ಭಾರ ಎತ್ತರದಲ್ಲಿದೆ. ಆದ್ದರಿಂದ ಬ್ರೇಕನ್ನು ತಿರುವಿಗೆ ಮುಂಚೆ, ಗಾಡಿ ನೇರವಾಗಿರುವಾಗಲೇ ಹಾಕಿ ಮುಗಿಸಿ. ಗೇರ್ ಇಳಿಸಿ. ತಿರುವಿನೊಳಗೆ ಕಾಲು ಬ್ರೇಕಿನ ಮೇಲೆ ಹೋಗದಿರಲಿ, ಆಕ್ಸಿಲರೇಟರನ್ನು ಹಗುರವಾಗಿ ಹಿಡಿದಿರಿ. ಎರಡು ತಿರುವು ಎದುರುಬದುರಾಗಿ ಬಂದರೆ, ಮೊದಲನೆಯದರ ಅಲೆ ಅಡಗುವವರೆಗೆ ಎರಡನೆಯದಕ್ಕೆ ಚಕ್ರ ತಿರುಗಿಸಬೇಡಿ. ಕೊಡ ಹೊತ್ತು ತಿರುಗಿದ ಮೇಲೆ ಮತ್ತೊಮ್ಮೆ ಎಳೆಯಿತಲ್ಲ, ಅದನ್ನು ಸೊಂಟದಲ್ಲಿ ನೆನಪಿಟ್ಟುಕೊಳ್ಳಿ. ನನ್ನ ಪ್ರಕಾರ ಇದನ್ನು ಕಲಿತವನು ಅರ್ಧ ಕಲಿತಂತೆ.

ಎಡಗಾಲಿ ಮಣ್ಣಿಗೆ ಇಳಿದರೆ ಗಾಬರಿಯಾಗಿ ಬಲಕ್ಕೆ ಎಳೆಯಬೇಡಿ. ಟ್ಯಾಂಕರುಗಳು ಮಗುಚುವುದು ಮಣ್ಣಿಗೆ ಇಳಿದಾಗ ಅಲ್ಲ, ಮಣ್ಣಿನಿಂದ ಒಮ್ಮೆಲೇ ಮೇಲೆ ಹತ್ತಿಸಲು ಹೋದಾಗ. ಹಾಗೆಯೇ ಓಡಲಿ ಬಿಡಿ, ವೇಗ ಇಳಿಯಲಿ, ಆಮೇಲೆ ಹತ್ತಿಸಿ. ಬೈಕಿನವನು ಅಡ್ಡ ಬಂದಾಗಲೂ ಅಷ್ಟೇ, ನೇರ ಬ್ರೇಕ್ ಹಾಕಿ. ಚಕ್ರ ಕಡಿದು ತಿರುಗಿಸುವುದು ಕೊನೆಯ ಆಯ್ಕೆ. ಮುಂದಿನ ಗಾಡಿ ಒಂದು ಮರ ದಾಟಿದ ಮೇಲೆ ನೀವು ಅದೇ ಮರ ತಲುಪುವಷ್ಟರಲ್ಲಿ ನಿಧಾನವಾಗಿ ಐದು ಎಣಿಸಲು ಆಗಬೇಕು. ಶಿರಾಡಿಯ ಮಳೆಯಲ್ಲಿ ಹತ್ತು.

ಹೆದ್ದಾರಿಯಲ್ಲಿ ಯು ತಿರುವು ಬೇಡ. 2024ರ ಡಿಸೆಂಬರ್ 20ರ ನಸುಕಿನಲ್ಲಿ ಜೈಪುರದ ಭಾಂಕರೋಟಾ ಬಳಿ ಅಡ್ಡ ತಿರುಗುತ್ತಿದ್ದ ಎಲ್‌ಪಿಜಿ ಟ್ಯಾಂಕರಿಗೆ ಲಾರಿ ಗುದ್ದಿ, ಹೊರಬಂದ ಅನಿಲಕ್ಕೆ ಬೆಂಕಿ ಹತ್ತಿ, ಬಸ್ಸು ಸೇರಿದಂತೆ ಹತ್ತಾರು ವಾಹನ ಸುಟ್ಟವು. ಅಡ್ಡ ನಿಂತ ಟ್ಯಾಂಕರ್ ತನ್ನ ವಾಲ್ವುಗಳನ್ನು ಎದುರಿನವನಿಗೆ ಒಡ್ಡಿ ನಿಂತಿರುತ್ತದೆ. ಹತ್ತು ಕಿಲೋಮೀಟರ್ ಮುಂದೆ ಹೋಗಿ, ಸೇತುವೆಯ ಕೆಳಗೆ ತಿರುಗಿ ಬನ್ನಿ. ಡೀಸೆಲ್ ಲೆಕ್ಕ ಕೇಳಿದರೆ ನನ್ನ ಹೆಸರು ಹೇಳಿ.

ಘಾಟಿಯ ವಿಚಾರ. ಮಂಗಳೂರಿನಿಂದ ಹೊರಟವನು ಗುಂಡ್ಯದಿಂದ ಮಾರನಹಳ್ಳಿಗೆ ತುಂಬಿದ ಗಾಡಿಯನ್ನು ಹತ್ತಿಸುತ್ತಾನೆ, ಖಾಲಿ ಗಾಡಿಯನ್ನು ಇಳಿಸುತ್ತಾನೆ. ಇದು ನಮ್ಮ ಪುಣ್ಯ ಎಂದು ಮೊದಲು ನಾನೂ ಅಂದುಕೊಂಡಿದ್ದೆ. ಆದರೆ ಹತ್ತುವಾಗ ಎಲ್ಲರೂ ಎಚ್ಚರವಾಗಿರುತ್ತಾರೆ. ಇಳಿಯುವಾಗ ಗಾಡಿ ಖಾಲಿ, ಮನಸ್ಸು ಮನೆಯ ಕಡೆ, ಕೈ ನ್ಯೂಟ್ರಲ್ಲಿಗೆ. ಒಂದು ಲೀಟರ್ ಡೀಸೆಲ್ ಉಳಿಸಲು ನ್ಯೂಟ್ರಲ್ಲಿನಲ್ಲಿ ಘಾಟಿ ಇಳಿಸುವವನಿಗೆ ನಾನು ಗಾಡಿ ಕೊಡುವುದಿಲ್ಲ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ಗಾಡಿಯನ್ನು ಹಿಡಿಯಲಿ. ಬ್ರೇಕನ್ನು ಒತ್ತಿ ಹಿಡಿಯುವ ಬದಲು ಒಮ್ಮೆ ಒತ್ತಿ ವೇಗ ಇಳಿಸಿ, ಬಿಡಿ. ಡ್ರಮ್ಮಿನಿಂದ ಸುಟ್ಟ ವಾಸನೆ ಬಂದರೆ ನಿಲ್ಲಿಸಿ ಆರಲು ಬಿಡಿ. ಕಾದ ಡ್ರಮ್ಮಿನಿಂದ ಟೈರಿಗೆ ಬೆಂಕಿ ಹತ್ತುವುದುಂಟು, ಮತ್ತು ಟೈರಿನ ಬೆಂಕಿಯನ್ನು ಪುಡಿ ಸಿಲಿಂಡರಿನಿಂದ ಆರಿಸಿದರೂ ಒಳಗಿನ ಕಾವಿಗೆ ಮತ್ತೆ ಹೊತ್ತಿಕೊಳ್ಳುತ್ತದೆ. ನೀರು ಸುರಿದು ತಣ್ಣಗೆ ಮಾಡಲೇಬೇಕು.

ಖಾಲಿ ಎಂದೆ. ಆ ಮಾತೇ ತಪ್ಪು. ದ್ರವ ಇಳಿಸಿದ ಮೇಲೂ ಟ್ಯಾಂಕಿನ ತುಂಬ ಒತ್ತಡದಲ್ಲಿರುವ ಆವಿ ಇರುತ್ತದೆ. ಮನೆಯ ಸಿಲಿಂಡರಿನ ಲೆಕ್ಕದಲ್ಲಿ ಹತ್ತಾರು ಸಿಲಿಂಡರಿನಷ್ಟು. ಖಾಲಿ ಟ್ಯಾಂಕರಿನ ಮೇಲೂ ಅದೇ ಹಲಗೆ, ಅದೇ ನಿಯಮ. ಏಣಿಯ ಮೆಟ್ಟಿಲು ಮುರಿದಿದೆ ಎಂದು ದಾರಿಯ ವೆಲ್ಡಿಂಗ್ ಅಂಗಡಿಯ ಮುಂದೆ ನಿಲ್ಲಿಸಿದ ಚಾಲಕನೊಬ್ಬನನ್ನು ನಾನು ಕಾಲರ್ ಹಿಡಿದು ಗಾಡಿ ಹತ್ತಿಸಿದ್ದೇನೆ. ಅವನು ಈಗಲೂ ನನ್ನ ಜೊತೆ ಮಾತಾಡುವುದಿಲ್ಲ.

ನಿಲ್ಲಿಸುವುದು, ಇಳಿಸುವುದು

ಊಟಕ್ಕೆ ನಿಲ್ಲಿಸುವ ಜಾಗವನ್ನು ಅಡುಗೆಯ ರುಚಿ ನೋಡಿ ಆರಿಸಬೇಡಿ. ಮನೆ, ಶಾಲೆ, ಒಲೆಯಿರುವ ಗೂಡಂಗಡಿ, ಹುಲ್ಲಿನ ಬಣವೆ, ತಲೆಯ ಮೇಲಿನ ವಿದ್ಯುತ್ ತಂತಿ ಇವುಗಳಿಂದ ದೂರ, ಮೂತಿ ಹೊರದಾರಿಯ ಕಡೆಗೆ, ಎಂಜಿನ್ ಬಂದ್, ಮುಖ್ಯ ಸ್ವಿಚ್ ಬಂದ್, ಚಕ್ರಕ್ಕೆ ಮರದ ತಡೆ. ಇಬ್ಬರಲ್ಲಿ ಒಬ್ಬರು ಗಾಡಿಯ ಬಳಿಯೇ ಇರಬೇಕು. ಪಕ್ಕದಲ್ಲಿ ಬಂದು ನಿಲ್ಲುವವನ ಮೇಲೂ ಕಣ್ಣಿರಲಿ. ಸಕಲೇಶಪುರ ದಾಟಿ ಒಂದು ಸಂಜೆ ನಾನು ನಿಲ್ಲಿಸಿದ್ದಾಗ, ಹೊರರಾಜ್ಯದ ಲಾರಿಯವನೊಬ್ಬ ಪಕ್ಕಕ್ಕೆ ಬಂದು, ಗಾಳಿಗೆ ಮರೆಯಾಗಲಿ ಎಂದು ನನ್ನ ಟ್ಯಾಂಕಿನ ನೆರಳಿನಲ್ಲೇ ಸ್ಟೌವ್ ಹಚ್ಚಿ ರೊಟ್ಟಿ ಬೇಯಿಸಲು ಕುಳಿತಿದ್ದ. ಭಾಷೆ ಬರದಿದ್ದರೂ ನನ್ನ ಮುಖ ನೋಡಿ ಎದ್ದ.

ಇಳಿಸುವ ಕ್ರಮವನ್ನು ಬಾಯಿಪಾಠ ಮಾಡಿ. ಚಕ್ರಕ್ಕೆ ತಡೆ, ಆಮೇಲೆ ಭೂಸಂಪರ್ಕದ ತಂತಿ, ಆಮೇಲೆ ಕೊಳವೆ. ಬಿಚ್ಚುವಾಗ ತಲೆಕೆಳಗು: ಮೊದಲು ಕೊಳವೆ, ಆಮೇಲೆ ತಂತಿ, ಕೊನೆಗೆ ತಡೆ. ಹರಿಯುವ ದ್ರವ ಸ್ಥಿರವಿದ್ಯುತ್ತನ್ನು ಕೂಡಿಡುತ್ತದೆ. ತಂತಿ ಅದನ್ನು ನೆಲಕ್ಕೆ ಇಳಿಸದಿದ್ದರೆ ಅದು ತಾನೇ ಕಿಡಿಯಾಗಿ ದಾರಿ ಹುಡುಕುತ್ತದೆ. ಬಣ್ಣ ಬಳಿದ ಜಾಗಕ್ಕೆ ತಂತಿಯ ಇಕ್ಕಳ ಸಿಕ್ಕಿಸಿದರೆ ಸಿಕ್ಕಿಸದಂತೆಯೇ. ಕೈಗೆ ಗವಸು ಇರಲಿ. ಎಲ್‌ಪಿಜಿಯಲ್ಲಿರುವ ಪ್ರೊಪೇನ್ ಕುದಿಯುವುದೇ ಸೊನ್ನೆಗಿಂತ 42 ಡಿಗ್ರಿ ಕೆಳಗೆ. ಬರಿಗೈಗೆ ದ್ರವ ಬಿದ್ದರೆ ಅದು ಬೆಂಕಿಯಂತೆಯೇ ಸುಡುತ್ತದೆ.

ನನ್ನ ಮೇಜಿನ ಮೇಲೆ ಹಿತ್ತಾಳೆಯ ಇಕ್ಕಳವೊಂದಿದೆ, ಗೇಣುದ್ದ ಹರಿದ ತಂತಿಯ ಸಮೇತ. ಬಾಟ್ಲಿಂಗ್ ಘಟಕವೊಂದರಲ್ಲಿ ಇಳಿಸಿ ಮುಗಿದು, ಕೊಳವೆ ಬಿಚ್ಚಿಯಾಗಿತ್ತು. ಹಿಂದಿನವನು ಹಾರನ್ ಬಾರಿಸಿದ. ನಾನು ಹತ್ತಿ ಎರಡಡಿ ಮುಂದೆ ತೆಗೆದೆ. ಟಪ್ ಎಂದಿತು. ತಂತಿ ಬಿಚ್ಚಿರಲಿಲ್ಲ. ಇನ್ನೈದು ನಿಮಿಷ ಮೊದಲು ಹಾರನ್ ಬಾರಿಸಿದ್ದರೆ ಹರಿಯುತ್ತಿದ್ದದ್ದು ತಂತಿಯಲ್ಲ, ಕೊಳವೆ. ಅಲ್ಲಿನ ಅಧಿಕಾರಿ ಬೈಯಲಿಲ್ಲ. ಇಕ್ಕಳವನ್ನು ಎತ್ತಿ ನನ್ನ ಕೈಯಲ್ಲಿಟ್ಟು ಹೋದರು. ಅಂದಿನಿಂದ ನಾನು ಕೊಳವೆ ಜೋಡಿಸುವ ಮೊದಲು ಗಾಡಿಯ ಕೀಲಿಯನ್ನು ದಾರದಲ್ಲಿ ಕಟ್ಟಿ ವಾಲ್ವಿನ ಹಿಡಿಗೇ ನೇತುಹಾಕುತ್ತೇನೆ. ಕೀಲಿ ಬೇಕೆಂದರೆ ಅಲ್ಲಿಗೇ ಹೋಗಬೇಕು. ಹೋದರೆ ಕೊಳವೆಯೂ ತಂತಿಯೂ ಕಣ್ಣಿಗೆ ಬೀಳುತ್ತವೆ. ದಾರಕ್ಕೆ ಎರಡು ರೂಪಾಯಿ.

ಸೋರಿದರೆ

ನೆಲ್ಯಾಡಿ ದಾಟಿದ ಮೇಲೆ ಒಂದು ರಾತ್ರಿ ಕ್ಯಾಬಿನ್ನಿಗೆ ವಾಸನೆ ಬಂತು. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ. ಸೋರಿದರೆ ತಿಳಿಯಲೆಂದೇ ಕೊಳೆತ ಎಲೆಕೋಸಿನಂಥ ವಾಸನೆಯ ಮರ್ಕಾಪ್ಟನ್ ಬೆರೆಸುತ್ತಾರೆ. ಕ್ಲೀನರ್ ತನ್ನ ಸಾಕ್ಸಿನದಿರಬೇಕು ಎಂದ. ಸ್ವಲ್ಪ ಹೊತ್ತಿಗೆ ವಾಸನೆ ಹೋಯಿತು. ಹೋದದ್ದು ವಾಸನೆಯಲ್ಲ, ನಮ್ಮ ಮೂಗು. ಅದು ಕೆಲವೇ ನಿಮಿಷದಲ್ಲಿ ಒಗ್ಗಿಕೊಂಡುಬಿಡುತ್ತದೆ. ಆದ್ದರಿಂದ ಒಮ್ಮೆ ಬಂದರೆ ಬಂತೆಂದೇ ಲೆಕ್ಕ. ಮನೆಗಳಿಲ್ಲದ ಬಯಲು ಜಾಗ ಸಿಕ್ಕ ಕೂಡಲೇ ನಿಲ್ಲಿಸಿ, ಎಂಜಿನ್ ಮತ್ತು ಮುಖ್ಯ ಸ್ವಿಚ್ ಬಂದ್ ಮಾಡಿ ಇಳಿದೆವು. ಕಿಡಿ ಹಾರದ ಮುಚ್ಚಿದ ಟಾರ್ಚನ್ನು ದೂರದಲ್ಲೇ ಹೊತ್ತಿಸಿಕೊಂಡು, ಗಾಳಿ ಬರುತ್ತಿದ್ದ ಕಡೆಯಿಂದ ಹತ್ತಿರ ಹೋದೆ. ಸಾಬೂನು ನೀರು ಹಚ್ಚಿದರೆ ದ್ರವದ ಹೊರಬಾಯಿಯ ಮುಚ್ಚಳದಲ್ಲಿ ಹೆಸರುಕಾಳಿನಷ್ಟು ಗುಳ್ಳೆಗಳು, ಒಂದರ ಹಿಂದೆ ಒಂದು. ಹಿತ್ತಾಳೆಯ ಸ್ಪ್ಯಾನರಿನಿಂದ ಕಾಲು ಸುತ್ತು ಬಿಗಿದೆ. ನಿಂತಿತು. ಡಿಪೊಗೆ ತಿಳಿಸಿ, ಮತ್ತೆ ಗುಳ್ಳೆ ಬರುವುದಿಲ್ಲ ಎಂದು ಖಾತ್ರಿಯಾಗುವವರೆಗೆ ಅಲ್ಲೇ ಕುಳಿತೆವು. ಕೊಳವೆ ಒಡೆದರೆ ತಾನೇ ಮುಚ್ಚಿಕೊಳ್ಳುವ ವಾಲ್ವು ಒಳಗಿದೆ, ನಿಜ. ಆದರೆ ಅದು ಎಚ್ಚರಗೊಳ್ಳುವುದು ಭಾರಿ ಹರಿವಿಗೆ. ಹೆಸರುಕಾಳಿನ ಸೋರಿಕೆ ಅದರ ಗಮನಕ್ಕೇ ಬರುವುದಿಲ್ಲ.

ಇದು ಸಣ್ಣದಾಯಿತು. ಗಾಡಿ ಮಗುಚಿ, ಸಿಳ್ಳೆಯಂಥ ಸದ್ದು ಬಂದು ಬಿಳಿ ಮೋಡ ಎದ್ದರೆ ರಿಪೇರಿ ನಿಮ್ಮ ಕೆಲಸವಲ್ಲ. ಮಗುಚಿದ ಟ್ಯಾಂಕಿನಲ್ಲಿ ಮೇಲಿದ್ದ ಸುರಕ್ಷಾ ವಾಲ್ವು ದ್ರವದ ಮಟ್ಟಕ್ಕಿಂತ ಕೆಳಗೆ ಹೋಗಿರಬಹುದು; ಅದು ತೆರೆದರೆ ಆವಿಯ ಬದಲು ದ್ರವವೇ ಬರುತ್ತದೆ, ಮತ್ತು ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗುತ್ತದೆ. ಕೈಗೆ ಸಿಗುವಂತಿದ್ದರೆ ತುರ್ತು ವಾಲ್ವು ಮುಚ್ಚಿ, ಮುಖ್ಯ ಸ್ವಿಚ್ ಆರಿಸಿ, ಬಾಗಿಲಿನ ಕಾರ್ಡ್ ಕಿತ್ತುಕೊಂಡು ಹೊರಡಿ. ಯಾವ ಕಡೆಗೆ? ತೆಂಗಿನ ಗರಿ ನೋಡಿ. ಗರಿ ಬಾಗಿದ ದಿಕ್ಕಿಗೆ ಅನಿಲ ಹೋಗುತ್ತದೆ, ನೀವು ಅದರ ವಿರುದ್ಧ ದಿಕ್ಕಿಗೆ, ಎತ್ತರದ ಕಡೆಗೆ ಹೋಗಬೇಕು. ಮೋಡದ ಅಂಚೇ ಅನಿಲದ ಅಂಚು ಎಂದುಕೊಳ್ಳಬೇಡಿ. ಬೆಳ್ಳಗೆ ಕಾಣುವುದು ಚಳಿಗೆ ಹೆಪ್ಪಾದ ಗಾಳಿಯ ತೇವ. ಕಾಣದ ಅನಿಲ ಅದರಾಚೆಗೂ ಹರಡಿರುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಇದ್ದರೂ ಹೊತ್ತಿಕೊಳ್ಳಲು ಸಾಕು.

ಕನಿಷ್ಠ 100 ಮೀಟರ್ ಸುತ್ತ ಯಾರೂ ಇರಬಾರದು. ಸೋರಿಕೆ ದೊಡ್ಡದಾದರೆ ಗಾಳಿ ಬೀಸುವ ಕಡೆ 800 ಮೀಟರ್. ಟ್ಯಾಂಕನ್ನೇ ಬೆಂಕಿ ಸುತ್ತಿದ್ದರೆ ಎಲ್ಲ ದಿಕ್ಕಿಗೂ 1600 ಮೀಟರ್. ಮೊಬೈಲನ್ನು ಮೋಡದ ಹತ್ತಿರ ತೆಗೆಯಬೇಡಿ. ದೂರ ಬಂದ ಮೇಲೆ 112ಕ್ಕೆ ಕರೆ ಮಾಡಿ, ಎಲ್‌ಪಿಜಿ ಸೋರಿಕೆಯ ಸಹಾಯವಾಣಿ 1906ಕ್ಕೆ ಮಾಡಿ, ಹಲಗೆಯ ಮೇಲಿರುವ ಕಂಪನಿಯ ಸಂಖ್ಯೆಗೆ ಮಾಡಿ. "ಟ್ಯಾಂಕರ್ ಪಲ್ಟಿ" ಎಂದಷ್ಟೇ ಕಿರುಚಬೇಡಿ. ಯುಎನ್ ಸಂಖ್ಯೆ, ಊರು, ಕಿಲೋಮೀಟರ್ ಕಲ್ಲು, ಸೋರುತ್ತಿದೆಯೋ ಇಲ್ಲವೋ, ಗಾಳಿ ಯಾವ ಕಡೆ: ಈ ಐದು ಹೇಳಿ. ಹತ್ತಿರದ ಪೊಲೀಸ್ ಠಾಣೆಗೂ ಮಾಲೀಕನಿಗೂ ತಿಳಿಸುವುದು ನಿಯಮದ ಪ್ರಕಾರ ಚಾಲಕನ ಹೊಣೆ. ಏಟು ಬೀಳುತ್ತದೆಂಬ ಹೆದರಿಕೆಗೆ ಓಡಿಹೋದ ಚಾಲಕರನ್ನು ನಾನು ಬಲ್ಲೆ, ಹೆದರಿಕೆಯೂ ಅರ್ಥವಾಗುತ್ತದೆ. ಆದರೆ ಒಳಗೆ ಏನಿದೆ ಎಂದು ಬಲ್ಲವನು ಆ ಜಾಗದಲ್ಲಿ ನೀವೊಬ್ಬರೇ.

ಮನೆಗಳ ಕಡೆ ಓಡುವಾಗ ಕ್ಲೀನರ್ ಒಂದೇ ಮಾತು ಕೂಗಬೇಕು: ಒಲೆ ಆರಿಸಿ, ಸ್ವಿಚ್ ಮುಟ್ಟಬೇಡಿ, ಎತ್ತರಕ್ಕೆ ನಡೆಯಿರಿ. ಸ್ವಿಚ್ ಹಾಕುವುದಷ್ಟೇ ಅಲ್ಲ, ಆರಿಸುವುದೂ ಕಿಡಿಯೇ. ಬೈಕ್ ಚಾಲೂ ಮಾಡಿ ಹೋಗುವುದಲ್ಲ, ನಡೆದೇ ಹೋಗಬೇಕು. ರಸ್ತೆಯ ಎರಡೂ ಕಡೆ ವಾಹನಗಳನ್ನು ತಡೆದು ಎಂಜಿನ್ ಬಂದ್ ಮಾಡಿಸಿ. ವಿಡಿಯೊ ಮಾಡಲು ಬರುವವರಿಗೂ ಕೊಡ ಹಿಡಿದು ಬರುವವರಿಗೂ ಕರುಣೆ ತೋರಬೇಡಿ. 2017ರ ಜೂನ್ 25ರಂದು ಪಾಕಿಸ್ತಾನದ ಬಹಾವಲ್‌ಪುರದ ಹತ್ತಿರ ಮಗುಚಿದ ಟ್ಯಾಂಕರಿನಿಂದ ಹರಿದ ಪೆಟ್ರೋಲು ತುಂಬಿಕೊಳ್ಳಲು ಸೇರಿದ್ದವರಲ್ಲಿ 200ಕ್ಕೂ ಹೆಚ್ಚು ಜನ ಬೆಂದುಹೋದರು.

ಸೋರುವ ಬಾಯಿಯಲ್ಲೇ ಬೆಂಕಿ ಉರಿಯುತ್ತಿದ್ದರೆ, ಸೋರಿಕೆಯನ್ನು ನಿಲ್ಲಿಸಲು ಆಗದಿದ್ದರೆ ಬೆಂಕಿ ಆರಿಸಬೇಡಿ. ಆರಿಸಿದರೆ ಅನಿಲ ಸುಮ್ಮನೆ ಹರಡಿ ಇನ್ನೆಲ್ಲೋ ಹೊತ್ತಿಕೊಳ್ಳುತ್ತದೆ. ಟ್ಯಾಂಕಿನ ಮೈಗೆ ದೂರದಿಂದ ನೀರು ಹಾರಿಸುವುದು ಅಗ್ನಿಶಾಮಕ ದಳದವರ ಕೆಲಸ. ಸುರಕ್ಷಾ ವಾಲ್ವಿನ ಸದ್ದು ಏರುತ್ತ ಹೋದರೆ ಅಥವಾ ಟ್ಯಾಂಕಿನ ಬಣ್ಣ ಬದಲಾದರೆ ಅವರೂ ನಿಲ್ಲಬಾರದು.

ಆಯುಧಪೂಜೆ

ಇದನ್ನು ಯಾವ ಕೈಪಿಡಿಯೂ ಬರೆಯುವುದಿಲ್ಲ, ಆದ್ದರಿಂದ ನಾನೇ ಬರೆಯುತ್ತೇನೆ. ವರ್ಷಕ್ಕೊಮ್ಮೆ ಯಾರ್ಡಿನ ಗಾಡಿಗಳಿಗೆಲ್ಲ ಬಾಳೆಕಂದು ಕಟ್ಟಿ, ವಿಭೂತಿ ಬಳಿದು, ಕುಂಕುಮ ತುಂಬಿದ ಬೂದುಗುಂಬಳ ಒಡೆದು, ಕರ್ಪೂರ ಬೆಳಗುತ್ತಾರೆ. ತುಂಬಿದ ಟ್ಯಾಂಕರಿನ ಮೂತಿಗೆ ಕರ್ಪೂರ ಬೆಳಗಿದ್ದನ್ನು ನಾನೇ ಕಂಡಿದ್ದೇನೆ. ಭಕ್ತಿ ಹೆಚ್ಚಾಗಿ ಒಬ್ಬ ತಟ್ಟೆಯನ್ನು ವಾಲ್ವಿನ ಪೆಟ್ಟಿಗೆಯವರೆಗೂ ಒಯ್ದಿದ್ದ. ನಮ್ಮಲ್ಲಿ ಈಗ ಕರ್ಪೂರವೂ ಊದುಬತ್ತಿಯೂ ಗೇಟಿನ ಹೊರಗೆ, ಕಾವಲುಗಾರನ ಕೋಣೆಯಾಚೆ. ಗಾಡಿಗಳಿಗೆ ಹೂವು, ಅರಿಶಿನ, ಕುಂಕುಮ ಮಾತ್ರ. ಭಟ್ಟರು ಮೊದಲ ವರ್ಷ ಮುನಿಸಿಕೊಂಡರು, ಎರಡನೆಯ ವರ್ಷ ಹಲಗೆ ಓದಿಸಿಕೊಂಡು ಇ ಅಕ್ಷರದ ಅರ್ಥ ಕೇಳಿದರು, ಮೂರನೆಯ ವರ್ಷದಿಂದ ಅವರೇ ಹುಡುಗರನ್ನು ಗದರುತ್ತಿದ್ದಾರೆ. ಚಕ್ರದಡಿಯ ನಿಂಬೆಹಣ್ಣಿಗೆ ನನ್ನ ತಕರಾರಿಲ್ಲ. ನಾಲ್ಕನ್ನೂ ಇಟ್ಟುಕೊಳ್ಳಲಿ. ಹಣ್ಣು ಹಿಸುಕಲು ಗಾಡಿ ಮುಂದೆ ತೆಗೆಯುವ ಮೊದಲು ಮರದ ತಡೆಯನ್ನು ತೆಗೆದಿದ್ದಾರೆಯೇ ಎಂದು ಬಗ್ಗಿ ನೋಡುತ್ತೇನೆ, ಅಷ್ಟೇ.